ಕೆರೆಯ ನೀರು ಕೆಡುವುದೂ ಮೇಲಣ ಹೊಲದವರ ಹೊಣೆಯೂ

ಬಯಲುಸೀಮೆಯ ಗ್ರಾಮಗಳಲ್ಲಿ ಕೆರೆಯ ನೀರು ಹಸುರುಗಟ್ಟಿ ನಾರುವುದೂ, ಅಂತರಗಂಗೆಯು ಹಬ್ಬುವುದೂ, ಮೀನುಗಳು ಸತ್ತು ತೇಲುವುದೂ ಈಚೆಗೆ ಅಪರೂಪವಲ್ಲ. ಇದಕ್ಕೆ ಪಟ್ಟಣದ ಕಾರ್ಖಾನೆಗಳೇ ಕಾರಣವೆಂದು ಹೇಳುವುದು ವಾಡಿಕೆಯಾಗಿದೆ. ಆದರೆ ಕಾರ್ಖಾನೆಯೇ ಇಲ್ಲದ ಗ್ರಾಮಗಳ ಕೆರೆಗಳೂ ಕೆಡುತ್ತಿರುವಲ್ಲಿ, ಕಾರಣವನ್ನು ನಮ್ಮ ಹೊಲಗಳಲ್ಲಿಯೂ ಬೀದಿಗಳಲ್ಲಿಯೂ ಹುಡುಕಬೇಕಾಗುವುದು.

ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಆ ನೀರು ಒಂದು ಲಕ್ಷ ಲೀಟರಿಗೂ ಮೀರುವುದು. ನೆಲವು ಅದನ್ನು ಹೀರಿಕೊಂಡರೆ ಪೈರಿಗೂ ಬಾವಿಗೂ ಲಾಭ. ಹೀರದಿದ್ದರೆ ಆ ನೀರು ಇಳಿಜಾರನ್ನು ಹಿಡಿದು, ಮೇಲ್ಮಣ್ಣನ್ನೂ ಅದಕ್ಕಂಟಿದ ಗೊಬ್ಬರ, ಔಷಧಿಗಳನ್ನೂ ಹೊತ್ತು, ಬೀದಿಬದಿಯ ತಿಪ್ಪೆಗಳನ್ನು ತೊಳೆದುಕೊಂಡು ಕೆರೆಯನ್ನು ಸೇರುವುದು. ಬೇಸಗೆಯ ಕೊಳೆಯೆಲ್ಲವೂ ನೆಲದ ಮೇಲೆ ಶೇಖರವಾಗಿರುವುದರಿಂದ ಮುಂಗಾರಿನ ಮೊದಲ ಮಳೆಗಳ ನೀರೇ ಬಹಳ ಮಲಿನವಾದುದು. ಗೊಬ್ಬರದ ಸಾರಜನಕ, ರಂಜಕಗಳು ಪೈರಿಗೆ ಹೇಗೋ ಪಾಚಿಗೂ ಹಾಗೆಯೇ ಆಹಾರ. ಪಾಚಿಯು ಸೊಕ್ಕಿ ಬೆಳೆದು, ಸತ್ತು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವು ತೀರಿ ಮೀನುಗಳು ಉಸಿರುಕಟ್ಟಿ ಸಾಯುವುವು. ಸಾರಜನಕದ ಮತ್ತೊಂದು ಭಾಗವು ನೈಟ್ರೇಟ್ ರೂಪದಲ್ಲಿ ಬಾವಿಗಳಿಗೆ ಇಳಿಯುವುದು. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನಕವು ವಿಧಿಸಿದೆ. ಮಿತಿ ಮೀರಿದ ನೀರು ಎಳೆಗೂಸುಗಳಿಗೆ ಅಪಾಯಕರ.

ಇದು ಧನನಷ್ಟವೂ ಹೌದು. 50 ಕಿಲೋ ಡಿ.ಎ.ಪಿ. ಮೂಟೆಯಲ್ಲಿ ಗೊಬ್ಬರದ ಲೆಕ್ಕದಂತೆ 9 ಕಿಲೋ ಸಾರಜನಕವೂ 23 ಕಿಲೋ ರಂಜಕಾಂಶವೂ ಇರುವುವು. ದೊಡ್ಡ ಮಳೆಯ ಮುನ್ನಾದಿನ ಇದನ್ನು ನೆಲದ ಮೇಲೆ ಎರಚಿದವನು ಹಣ ತೆತ್ತು ಪಾಚಿಯನ್ನು ಬೆಳೆಸಿದಂತಾಯಿತು.

ಊರವರು ಕೂಡಿ ಹೂಳೆತ್ತುವುದು ಶ್ಲಾಘ್ಯವಾದ ಕಾರ್ಯ. ಆದರೆ ಮೇಲಣ ಹೊಲಗಳಿಂದ ಮಣ್ಣು ಬರುವುದನ್ನು ತಡೆಯದೆ ಹೂಳೆತ್ತುವುದು ತೂತಿನ ಕೊಡಕ್ಕೆ ನೀರು ತುಂಬಿದಂತೆಯೇ ಸರಿ. ಮೇಲಣ ಹೊಲದವನು ಬದುವನ್ನು ಕಡಿದು ಎರಡು ಸಾಲು ಹೆಚ್ಚಾಗಿ ಬಿತ್ತಿದರೆ ಲಾಭ ಅವನೊಬ್ಬನಿಗೆ. ನಷ್ಟವು ಅಚ್ಚುಕಟ್ಟಿನ ರೈತರಿಗೂ ಕೆರೆಯ ನೀರನ್ನು ಕುಡಿಯುವ ದನಕರುಗಳಿಗೂ. ಬದುವಿನಿಂದ ಭೂಮಿ ವ್ಯರ್ಥವಾಗುವುದೆಂಬ ಆಕ್ಷೇಪಣೆಯುಂಟು. ಬದುವಿನ ಮೇಲೆ ಹುಲ್ಲು ಬೆಳೆದರೆ ದನಗಳಿಗೆ ಮೇವು. ಬದುವಿಲ್ಲದಿದ್ದರೆ ಹೋಗುವುದು ಹೊಲದ ಸಾರವೇ. ಗುಂಡ್ಲುಪೇಟೆಯ ಕಡೆಯ ರೈತರು ತಲೆಮಾರುಗಳಿಂದ ಬದುಗಳ ಮೇಲೆ ಲಾವಂಚವನ್ನು ಬೆಳೆಸಿ ಮಣ್ಣನ್ನು ಹಿಡಿದಿಟ್ಟುಕೊಂಡಿರುವರು.

ಮಾಡಬೇಕಾದುದು ಕಷ್ಟಸಾಧ್ಯವೇನಲ್ಲ. ಇಳಿಜಾರಿಗೆ ಅಡ್ಡಲಾಗಿ ಉತ್ತು ಬಿತ್ತುವುದು. ಮಣ್ಣುಪರೀಕ್ಷೆಯಂತೆ ಗೊಬ್ಬರವನ್ನು ಕಂತುಗಳಲ್ಲಿ ಕೊಟ್ಟು ಮಣ್ಣಿನಿಂದ ಮುಚ್ಚುವುದು. ತಿಪ್ಪೆಯನ್ನು ಕಾಲುವೆಯಿಂದ ದೂರದ ಗುಂಡಿಗೆ ಸಾಗಿಸಿ, ಸುತ್ತಲೂ ಏರಿ ಕಟ್ಟಿ, ಮಳೆ ತಾಗದಂತೆ ಮುಚ್ಚುವುದು. ಕಾಲುವೆಯ ಎರಡು ದಡಗಳಲ್ಲಿಯೂ ಹುಲ್ಲಿನ ಪಟ್ಟಿಯನ್ನು ಉಳದೆ ಬಿಡುವುದು. ಔಷಧಿ ಸಿಂಪಡಿಸುವ ಯಂತ್ರವನ್ನು ಕೆರೆಕಾಲುವೆಗಳಲ್ಲಿ ತೊಳೆಯದಿರುವುದು.

ಇವುಗಳನ್ನು ಬಡ ರೈತನಿಗೆ ಮಾತ್ರ ಬೋಧಿಸುವುದು ನ್ಯಾಯವಲ್ಲ. ಹೆಚ್ಚು ಭೂಮಿಯುಳ್ಳವರ ಹೊಲದಿಂದಲೇ ಹೆಚ್ಚು ನೀರು ಹರಿಯುವುದರಿಂದ ಅವರೇ ಮೊದಲಿಗರಾಗಬೇಕು. ಆದುದರಿಂದ ಗ್ರಾಮದ ಮುಖಂಡರು ಮುಂಗಾರಿಗೆ ಮೊದಲು ಜಮೀನುದಾರರನ್ನು ಕರೆದುಕೊಂಡು ಕಾಲುವೆಯ ಮೊದಲಿನಿಂದ ಕೆರೆಯವರೆಗೆ ನಡೆದು, ಒಡೆದ ಬದುಗಳನ್ನೂ ದಡದ ತಿಪ್ಪೆಗಳನ್ನೂ ಗುರುತಿಸಿ, ಯಾವುದು ಯಾರ ಕೆಲಸವೆಂದು ಗ್ರಾಮಸಭೆಯಲ್ಲಿ ನಿರ್ಣಯಿಸತಕ್ಕದ್ದು. ಮೊದಲು ಸರಿಪಡಿಸುವ ಬದುವು ಮುಖಂಡರದೇ ಆದಲ್ಲಿ ಉಳಿದವರಿಗೆ ಹೆಚ್ಚು ಹೇಳಬೇಕಾಗುವುದಿಲ್ಲ.