ನೂರಕ್ಕೆ ಎರಡು ಎಂಬ ಕೊಸರು

ಹೆಂಗಸರಿಗೆ ಲೆಕ್ಕ ಬಾರದು ಎಂಬ ಮಾತನ್ನು ಕೇಳಿ ಕೇಳಿ ನನ್ನ ಕಿವಿ ದಡ್ಡುಗಟ್ಟಿದೆ. ಊರಿನಲ್ಲಿದ್ದಾಗ ಕೇಳಿದ್ದೆ, ಹದಿನೆಂಟು ವರ್ಷದಿಂದ ಬದುಕುತ್ತಿರುವ ಈ ಕೆನಡಾ ದೇಶದಲ್ಲೂ ಕೇಳುತ್ತಿದ್ದೇನೆ. ಸೊಪ್ಪಿನವಳ ಹತ್ತಿರ ಎರಡು ಕಟ್ಟು ದಂಟು ಕೊಂಡರೆ ಒಂದು ಹಿಡಿ ಕೊತ್ತಂಬರಿಯನ್ನು ಕೊಸರು ಹಾಕಿಸಿಕೊಳ್ಳದೆ ಏಳುವವರಲ್ಲ ನಾವು. ಹಾಲಿನ ಲೆಕ್ಕ, ಚೀಟಿಯ ಲೆಕ್ಕ, ಅಕ್ಕಸಾಲಿಗನ ಮಜೂರಿಯ ಲೆಕ್ಕ ನಮ್ಮ ನಾಲಿಗೆಯ ತುದಿಯಲ್ಲಿರುತ್ತದೆ. ಇಂಥ ಹೆಣ್ಣುಮಕ್ಕಳು ಬ್ಯಾಂಕಿನ ಗಾಜಿನ ಕೋಣೆಯಲ್ಲಿ ಕುಳಿತ ಕೂಡಲೇ ಮೂಕರಾಗುವುದೇಕೆ? ಕೊಸರು ಕೇಳುವುದು ಹಾಗಿರಲಿ, ವರ್ಷ ವರ್ಷವೂ ತಾವೇ ಕೊಸರು ಕೊಡುವುದಕ್ಕೆ ಸಹಿ ಹಾಕಿ ಬರುವುದೇಕೆ?

ಆ ಕೊಸರು ಯಾವುದೆಂದು ಹೇಳುತ್ತೇನೆ. ಇಲ್ಲಿ ಉಳಿತಾಯದ ದುಡ್ಡನ್ನು ತೆಗೆದುಕೊಂಡು ಬ್ಯಾಂಕಿಗೆ ಹೋದರೆ ಅವರು ಸಾಮಾನ್ಯವಾಗಿ ತಮ್ಮದೇ ಮ್ಯೂಚುವಲ್ ಫಂಡನ್ನು ಮುಂದಿಡುತ್ತಾರೆ. ಹಲವರ ದುಡ್ಡನ್ನು ಕೂಡಿಸಿ ಷೇರುಗಳಲ್ಲಿ ತೊಡಗಿಸುವ ನಿಧಿ ಅದು. ಅದನ್ನು ನೋಡಿಕೊಳ್ಳುವುದಕ್ಕೆ ಒಂದು ಖರ್ಚಿದೆ. ಎಂ.ಇ.ಆರ್. ಎಂದು ಅದರ ಹೆಸರು. ಷೇರುಗಳ ಮೇಲೆ ಹೂಡುವ ಇಂಥ ಎಷ್ಟೋ ನಿಧಿಗಳಲ್ಲಿ ಅದು ವರ್ಷಕ್ಕೆ ನೂರಕ್ಕೆ 2ರ ಆಸುಪಾಸು. ನೂರಕ್ಕೆ ಎರಡು ತಾನೇ ಎಂದು ಕೈಬಿಡಬೇಡಿ. ಇದು ಲಾಭದ ಮೇಲಿನ ಎರಡಲ್ಲ, ಇಟ್ಟ ಗಂಟಿನ ಮೇಲಿನ ಎರಡು. ಲಾಭ ಬಂದ ವರ್ಷವೂ ಕೀಳುತ್ತಾರೆ, ನಷ್ಟವಾದ ವರ್ಷವೂ ಕೀಳುತ್ತಾರೆ. ಅದಕ್ಕೆ ಬಿಲ್ಲು ಬರುವುದಿಲ್ಲ, ನಿಧಿಯ ಒಳಗಿನಿಂದಲೇ ದಿನದಿನವೂ ಸೋರುತ್ತದೆ.

ಒಲೆಯ ಮುಂದೆ ನಿಂತೇ ಮಾಡಬಹುದಾದ ಲೆಕ್ಕವೊಂದಿದೆ. ತಿಂಗಳಿಗೆ 500 ಡಾಲರಿನಂತೆ ವರ್ಷಕ್ಕೆ 6,000 ಡಾಲರ್ ಉಳಿಸುವ ಒಂದು ಸಂಸಾರ. ಇಪ್ಪತ್ತೈದು ವರ್ಷಕ್ಕೆ ಕಟ್ಟಿದ್ದು ಒಂದೂವರೆ ಲಕ್ಷ. ಮಾರುಕಟ್ಟೆ ವರ್ಷಕ್ಕೆ ಸರಾಸರಿ ನೂರಕ್ಕೆ 6ರಂತೆ ಬೆಳೆಯಿತು ಎಂದಿಟ್ಟುಕೊಳ್ಳಿ. ಖರ್ಚು ನೂರಕ್ಕೆ 2 ಆದರೆ ಕೊನೆಗೆ ಕೈಗೆ ಸಿಗುವುದು ಸುಮಾರು 2,50,000. ಖರ್ಚು ನೂರಕ್ಕೆ 0.2 ಆದರೆ ಸುಮಾರು 3,20,000. ಎರಡರ ನಡುವಿನ ವ್ಯತ್ಯಾಸ 70,000 ಡಾಲರ್. ಕಟ್ಟಿದ ಅಸಲಿನ ಮೇಲೆ ಬರಬೇಕಿದ್ದ 1,70,000 ಲಾಭದಲ್ಲಿ ಐದರಲ್ಲಿ ಎರಡು ಪಾಲು ಸೋರಿಹೋಯಿತು. ದುಡ್ಡು ನಿಮ್ಮದು, ಕಾದ ವರ್ಷಗಳು ನಿಮ್ಮವು, ಮಾರುಕಟ್ಟೆ ಬಿದ್ದ ದಿನ ನಿದ್ದೆಗೆಟ್ಟವರೂ ನೀವೇ. ಐದರಲ್ಲಿ ಎರಡು ಪಾಲು ಮಾತ್ರ ಬೇರೆಯವರಿಗೆ.

ಹಾಗಾದರೆ ಆ ಬೇರೆಯವರು ಅಷ್ಟು ಜಾಣತನವನ್ನಾದರೂ ತೋರಿಸುತ್ತಾರೆಯೇ ಎಂದರೆ ಅದೂ ಇಲ್ಲ. ಹತ್ತು ವರ್ಷದ ಫಲವನ್ನು ಹಿಡಿದು ನೋಡಿದರೆ ಪರಿಣತರು ಆರಿಸಿ ನಡೆಸುವ ನಿಧಿಗಳಲ್ಲಿ ಬಹುಪಾಲು, ಏನೂ ಆರಿಸದೆ ಇಡೀ ಮಾರುಕಟ್ಟೆಯನ್ನೇ ಕೊಂಡು ಸುಮ್ಮನೆ ಕುಳಿತ ಸೂಚ್ಯಂಕಕ್ಕಿಂತ ಹಿಂದೆಯೇ ಬೀಳುತ್ತವೆ. ನೂರಕ್ಕೆ ಎರಡರಲ್ಲಿ ಸುಮಾರು ಅರ್ಧ ಹೋಗುವುದು ನಿಧಿ ಮಾರಿದವರಿಗೆ. ಟ್ರೇಲಿಂಗ್ ಕಮಿಷನ್ ಎಂದು ಅದಕ್ಕೆ ಹೆಸರು. ಒಮ್ಮೆ ಮಾರಿದರೆ, ನೀವು ಇಟ್ಟುಕೊಂಡಿರುವಷ್ಟು ಕಾಲವೂ ಅವರಿಗೆ ಪಾಲು. ಇನ್ನೂ ಕೆಟ್ಟದ್ದೊಂದಿತ್ತು. ಕೊಂಡ ಕೆಲವು ವರ್ಷದೊಳಗೆ ನಿಮ್ಮ ದುಡ್ಡನ್ನು ನೀವೇ ತೆಗೆದರೆ ದಂಡ ಕಟ್ಟಬೇಕಾದ ಪದ್ಧತಿ. ಅದು ದೇಶದಾದ್ಯಂತ ನಿಂತದ್ದು 2022ರ ಜೂನ್ 1ರಂದು. ಮಾರಿದವರಿಗೆ ವರ್ಷಕ್ಕೆ ಎಷ್ಟು ಸಂದಿತು ಎಂಬುದನ್ನು ಗ್ರಾಹಕನಿಗೆ ಡಾಲರಿನಲ್ಲಿ ಬರೆದು ತಿಳಿಸಬೇಕೆಂಬ ನಿಯಮ ಬಂದದ್ದೇ 2016ರಲ್ಲಿ. ನಿಧಿಯೊಳಗಿನ ಖರ್ಚನ್ನೂ ಹಾಗೆಯೇ ಬರೆಯಬೇಕೆಂಬ ನಿಯಮಕ್ಕೆ 2026ರ ಜನವರಿಯವರೆಗೆ ಕಾಯಬೇಕಾಯಿತು. ಆ ಲೆಕ್ಕದ ಪತ್ರಗಳು ಜನರ ಕೈ ಸೇರುವುದು 2027ರಿಂದ. ಸೊಪ್ಪಿನವಳು ತೂಕದಲ್ಲಿ ಇಷ್ಟು ಗುಟ್ಟು ಮಾಡಿದ್ದರೆ ನಾವು ಬುಟ್ಟಿಯನ್ನೇ ಬೋರಲು ಹಾಕುತ್ತಿದ್ದೆವು.

ಇದಕ್ಕೆ ಮದ್ದು ಈ ದೇಶದಲ್ಲೇ ಹುಟ್ಟಿದೆ ಎಂಬುದು ಸ್ವಾರಸ್ಯ. ಷೇರಿನ ಹಾಗೆಯೇ ಮಾರುಕಟ್ಟೆಯಲ್ಲಿ ಕೊಂಡು ಮಾರಬಹುದಾದ ನಿಧಿಗೆ ಇ.ಟಿ.ಎಫ್. ಎನ್ನುತ್ತಾರೆ. ಜಗತ್ತಿನಲ್ಲಿ ಇಂಥದ್ದು ಮೊದಲು ಗಟ್ಟಿಯಾಗಿ ನೆಲೆ ನಿಂತದ್ದು ಟೊರಾಂಟೊ ಷೇರುಪೇಟೆಯಲ್ಲಿ, 1990ರ ಮಾರ್ಚ್‌ನಲ್ಲಿ. ಅಮೆರಿಕದವರು ಹಿಂದೆಯೇ ಬಂದದ್ದು 1993ರಲ್ಲಿ. ಸೂಚ್ಯಂಕವನ್ನು ಹಿಂಬಾಲಿಸುವ ಇ.ಟಿ.ಎಫ್.ಗೆ ದೊಡ್ಡ ಸಂಬಳದ ಪಂಡಿತರು ಬೇಡ, ಅದಕ್ಕೇ ಖರ್ಚು ಕಡಿಮೆ. ಮಾರಿದವರಿಗೆ ಸಾಮಾನ್ಯವಾಗಿ ವರ್ಷವರ್ಷದ ಪಾಲೂ ಇಲ್ಲ. ಬ್ಯಾಂಕಿನ ಮೇಜಿನ ಮೇಲೆ ಅದರ ಹೆಸರು ಸುಲಭವಾಗಿ ಏಕೆ ಬರುವುದಿಲ್ಲವೆಂದು ಬಿಡಿಸಿ ಹೇಳಬೇಕೇ?

ನಾನೊಮ್ಮೆ ಒಂದು ಬ್ಯಾಂಕಿಗೆ ಹೋಗಿದ್ದೆ. ಸಲಹೆಗಾರನೆಂಬ ಹುಡುಗ ಮೊದಲು ಕೇಳಿದ್ದು ನನ್ನ ಯಜಮಾನರು ಬರುವುದಿಲ್ಲವೇ ಎಂದು. ನಾನು ಕೇಳಿದ್ದು, ಈ ನಿಧಿಯ ಖರ್ಚು ವರ್ಷಕ್ಕೆ ಎಷ್ಟು ಡಾಲರ್ ಎಂದು. ಅವನು ಬಣ್ಣದ ಚಿತ್ರ ತೋರಿಸಿದ, ಕಳೆದ ಐದು ವರ್ಷದ ಏರಿಕೆಯ ಗೆರೆ ತೋರಿಸಿದ, ಕಾಫಿ ಬೇಕೇ ಎಂದ. ಡಾಲರಿನ ಅಂಕಿಯನ್ನು ಮಾತ್ರ ಹೇಳಲಿಲ್ಲ. ನಾನು ಚೀಲ ಹೆಗಲಿಗೇರಿಸಿ ಎದ್ದು ಬಂದೆ. ಹುಡುಗನ ಮೇಲೆ ನನಗೆ ಕೋಪವಿಲ್ಲ. ಕೇಳುವವರೇ ಇಲ್ಲದ ಪ್ರಶ್ನೆಗೆ ಉತ್ತರವನ್ನು ಯಾರು ತಾನೇ ಕಲಿತಿಟ್ಟುಕೊಳ್ಳುತ್ತಾರೆ?

ಬ್ಯಾಂಕಿನವರನ್ನಷ್ಟೇ ಬೈದು ನಿಲ್ಲಿಸಿದರೆ ನ್ಯಾಯವಾಗುವುದಿಲ್ಲ. ನಮ್ಮ ಗಂಡಸರ ಕಡೆಗೂ ತಿರುಗಬೇಕು. ಯುಗಾದಿಗೋ ದೀಪಾವಳಿಗೋ ನಮ್ಮ ಜನ ಸೇರಿದಾಗ ಒಂದು ಮೂಲೆಯಲ್ಲಿ ಇವರ ಷೇರುಪುರಾಣ ಆರಂಭವಾಗುತ್ತದೆ. ನಾವು ಬಡಿಸುತ್ತಾ ಒಂದು ಪ್ರಶ್ನೆ ಕೇಳಿದರೆ, "ನಿಮಗ್ಯಾಕಕ್ಕಾ ಈ ತಲೆನೋವು, ಭಾವನೋರು ನೋಡ್ಕೋತಾರಲ್ಲ" ಎಂಬ ನಗು. ಈ ಭಾವನವರು ನೋಡಿಕೊಳ್ಳುವ ಚೆಂದವನ್ನೂ ನೋಡೋಣ. ಇ.ಟಿ.ಎಫ್. ಅಗ್ಗವೆಂದು ಗೊತ್ತಾದ ಮೇಲೆ ಇವರು ಒಂದನ್ನು ಕೊಂಡು ಸುಮ್ಮನಿರುವುದಿಲ್ಲ. ಕೆನಡಾದಲ್ಲಿ ಈಗ ಸಾವಿರಕ್ಕೂ ಮಿಕ್ಕಿ ಇ.ಟಿ.ಎಫ್.ಗಳಿವೆ. ಸೀರೆಯಂಗಡಿಯಲ್ಲಿ ನಮ್ಮನ್ನು ಹಾಸ್ಯ ಮಾಡುವವರು ಈ ಅಂಗಡಿಯಲ್ಲಿ ಹದಿನೈದು ಮಡಿಕೆ ಬಿಚ್ಚಿಸಿ ಹದಿನೈದನ್ನೂ ಕಟ್ಟಿಸಿಕೊಳ್ಳುತ್ತಾರೆ.

2017ರಲ್ಲಿ ಗಾಂಜಾ ಕಂಪನಿಗಳ ಇ.ಟಿ.ಎಫ್. ಬಂತು. ಮರುವರ್ಷ ಅಕ್ಟೋಬರಿನಲ್ಲಿ ಗಾಂಜಾ ಇಲ್ಲಿ ಕಾನೂನುಬದ್ಧವೂ ಆಯಿತು. ಆ ನಿಧಿಯ ಬೆಲೆಯ ಬಹುಪಾಲು ಮುಂದಿನ ವರ್ಷಗಳಲ್ಲಿ ಕರಗಿಹೋಯಿತು. 2021ರ ಫೆಬ್ರವರಿಯಲ್ಲಿ ಬಿಟ್‌ಕಾಯಿನ್‌ನ ಇ.ಟಿ.ಎಫ್. ಟೊರಾಂಟೊದಲ್ಲಿ ಬಂತು, ಮರುವರ್ಷ ಬಿಟ್‌ಕಾಯಿನ್ ಮುಗ್ಗರಿಸಿತು. ಹೆಂಗಸರನ್ನೇ ಗುರಿಯಿಟ್ಟಂತೆ ತಿಂಗಳು ತಿಂಗಳೂ ಕೈಗೆ ದುಡ್ಡು ಎಂದು ಆಸೆ ತೋರಿಸುವ ಕವರ್ಡ್ ಕಾಲ್ ನಿಧಿಗಳು ಬೇರೆ. ಇವುಗಳ ಒಳಗುಟ್ಟು ಸರಳ. ನಾಳೆ ಷೇರು ಜೋರಾಗಿ ಏರಿದರೆ ಆ ಏರಿಕೆಯ ಲಾಭ ಬೇರೆಯವರಿಗೆ ಎಂದು ಇವತ್ತೇ ಬರೆದುಕೊಟ್ಟು, ಅದರ ಬದಲಿಗೆ ಬಂದ ಚಿಲ್ಲರೆಯನ್ನು ನಮಗೆ ಹಂಚುತ್ತಾರೆ. ಏರಿದರೆ ಪೂರ್ತಿ ಫಲವಿಲ್ಲ, ಇಳಿದರೆ ಹೆಚ್ಚುಕಡಿಮೆ ಪೂರ್ತಿ ಪೆಟ್ಟು. ಕೆಲವೊಮ್ಮೆ ಹಂಚುವುದರಲ್ಲಿ ನಮ್ಮದೇ ಅಸಲಿನ ಚೂರೂ ಇರುತ್ತದೆ. ಕರುವಿಗೆ ಉಳಿಸದೆ ಹಾಲು ಕರೆದು ಮಾರುವ ಬಾಳು ಅದು.

ದೇಶಾಭಿಮಾನದ ಹೆಸರಿನಲ್ಲಿ ಕೆನಡಾದ ಷೇರುಗಳನ್ನು ಮಾತ್ರ ಕೊಳ್ಳುವವರೂ ಇದ್ದಾರೆ. ಜಗತ್ತಿನ ಷೇರುಪೇಟೆಯಲ್ಲಿ ಕೆನಡಾದ ಪಾಲು ನೂರಕ್ಕೆ ಸುಮಾರು 3 ಮಾತ್ರ. ಅದರಲ್ಲೂ ಬ್ಯಾಂಕು, ವಿಮೆ, ಎಣ್ಣೆ, ಗಣಿಗಳದ್ದೇ ದೊಡ್ಡ ಪಾಲು. 2000ದಲ್ಲಿ ನಾರ್ಟೆಲ್ ಎಂಬ ಒಂದೇ ಕಂಪನಿ ಟೊರಾಂಟೊ ಸೂಚ್ಯಂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೂಗುತ್ತಿತ್ತು. ಆಗ 124 ಡಾಲರ್ ಮುಟ್ಟಿದ್ದ ಅದರ ಷೇರು ಎರಡೇ ವರ್ಷದಲ್ಲಿ ಒಂದು ಡಾಲರಿಗಿಂತ ಕೆಳಗಿಳಿಯಿತು. 2009ರ ಜನವರಿಯಲ್ಲಿ ಕಂಪನಿ ದಿವಾಳಿಯ ಅರ್ಜಿ ಹಾಕಿತು. ಒಂದೇ ಕಂಬದ ಮೇಲೆ ಚಪ್ಪರ ಹಾಕಬಾರದು ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಹಾಗಾದರೆ ಆರಿಸುವುದು ಯಾವುದನ್ನು? ನನ್ನ ಉತ್ತರ ನೇರವಾಗಿದೆ. ಒಂದನ್ನೇ ಆರಿಸಿ, ಎಲ್ಲವೂ ಇರುವ ಒಂದನ್ನು. 2018ರ ಆರಂಭದಲ್ಲಿ ವ್ಯಾನ್‌ಗಾರ್ಡ್ ಕಂಪನಿಯವರು ಕೆನಡಾ, ಅಮೆರಿಕ, ಯುರೋಪು, ಏಷ್ಯಾ ಎಲ್ಲ ಕಡೆಯ ಷೇರುಗಳನ್ನೂ ಸಾಲಪತ್ರಗಳನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿದ ಇ.ಟಿ.ಎಫ್. ತಂದರು. ಐಷೇರ್ಸ್, ಬಿ.ಎಂ.ಓ. ಮೊದಲಾದವರೂ ಅದೇ ದಾರಿ ಹಿಡಿದರು. ವಿ.ಬಿ.ಎ.ಎಲ್., ಎಕ್ಸ್.ಬಿ.ಎ.ಎಲ್. ಎಂಬವುಗಳಲ್ಲಿ ಷೇರು 60 ಪಾಲು, ಸಾಲಪತ್ರ 40 ಪಾಲು. ವಿ.ಜಿ.ಆರ್.ಓ., ಎಕ್ಸ್.ಜಿ.ಆರ್.ಓ. ಎಂಬವುಗಳಲ್ಲಿ 80 ಮತ್ತು 20. ವಿ.ಇ.ಕ್ಯೂ.ಟಿ., ಎಕ್ಸ್.ಇ.ಕ್ಯೂ.ಟಿ.ಗಳಲ್ಲಿ ಎಲ್ಲವೂ ಷೇರೇ. ಒಂದು ಪಾಲು ಹೆಚ್ಚಾಗಿ ಇನ್ನೊಂದು ಕಡಿಮೆಯಾದರೆ ಅವರೇ ಸರಿದೂಗಿಸುತ್ತಾರೆ. ಒಟ್ಟು ಖರ್ಚು ನೂರಕ್ಕೆ ಕಾಲು ಡಾಲರಿಗೂ ಕಡಿಮೆ. ಇವುಗಳೊಳಗೆ ಯಾವುದು ಮೇಲು ಎಂದು ವಾದಿಸುತ್ತಾ ಕೂರುವುದು ಸೋನಾಮಸೂರಿಯಲ್ಲಿ ಕಲ್ಲು ಎಣಿಸಿದ ಹಾಗೆ. ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ನನ್ನ ಗಂಟು ಮೂರನೇ ಒಂದು ಭಾಗ ಕರಗಿದ ದಿನವೂ ನಾನು ಮಾರದೆ ಇರಬಲ್ಲೆನೇ? ಇರಬಲ್ಲೆನೆಂದರೆ ಷೇರು ಹೆಚ್ಚಿರಲಿ, ಎದೆ ನಡುಗಿದರೆ ಸಾಲಪತ್ರ ಹೆಚ್ಚಿರಲಿ.

ಆ ದಿನ ಬಂದೇ ಬರುತ್ತದೆ. ಬರುವುದಿಲ್ಲವೆಂದು ಹೇಳುವವರನ್ನು ನಂಬಬೇಡಿ. 2020ರ ಫೆಬ್ರವರಿ, ಮಾರ್ಚ್ ನಡುವೆ ಟೊರಾಂಟೊ ಸೂಚ್ಯಂಕ ಮೂರನೇ ಒಂದಕ್ಕಿಂತ ಹೆಚ್ಚು ಕುಸಿಯಿತು. ಅದು ಮರುವರ್ಷದ ಆರಂಭಕ್ಕೇ ಎದ್ದಿತು. 2008ರ ಕುಸಿತದಿಂದ ಏಳುವುದಕ್ಕೆ ಮಾತ್ರ ಹಲವು ವರ್ಷ ಹಿಡಿಯಿತು. ಬ್ಯಾಂಕಿನ ಠೇವಣಿಗೆ ಇರುವ ವಿಮೆ ಇದಕ್ಕಿಲ್ಲ. ಮಗಳ ಮುಂದಿನ ವರ್ಷದ ಕಾಲೇಜಿನ ಶುಲ್ಕ, ಊರಿಗೆ ಹೋಗುವ ಟಿಕೇಟಿನ ದುಡ್ಡು, ಮನೆ ಕೊಳ್ಳಲು ಕೂಡಿಟ್ಟದ್ದು, ಇವನ್ನು ಇಲ್ಲಿ ಹಾಕಬೇಡಿ. ಅದಕ್ಕೆ ಠೇವಣಿಯೇ ಸರಿ. ಸಲಹೆಗೆ ಬೆಲೆಯಿಲ್ಲವೇ ಎಂದು ಕೇಳುವವರಿಗೂ ಒಂದು ಮಾತು. ಖಂಡಿತ ಇದೆ. ಗಂಟೆಗಿಷ್ಟು ಎಂದು ಶುಲ್ಕ ತೆಗೆದುಕೊಂಡು, ಏನನ್ನೂ ಮಾರದೆ ಸಲಹೆ ಕೊಡುವವರು ಇಲ್ಲಿದ್ದಾರೆ. ವೈದ್ಯರಿಗೆ ಕೊಡುವಂತೆ ಕೈಯಾರೆ ಎಣಿಸಿ ಕೊಡಿ. ಎಣಿಸಿ ಕೊಟ್ಟದ್ದು ಬೆಲೆ, ಕಾಣದಂತೆ ಕಿತ್ತುಕೊಂಡದ್ದಕ್ಕೆ ಬೇರೆ ಹೆಸರಿದೆ.

ಸಂಬಳವಿಲ್ಲದ ನಮಗೇಕೆ ಇದೆಲ್ಲ ಎನ್ನುವ ಸೋದರಿಯರು ಇಲ್ಲಿ ಬಹಳ. ಗಂಡನ ಕೆಲಸದ ಬೆನ್ನಿಗೆ ಬಂದು, ಊರಿನಲ್ಲಿ ಓದಿದ ಬಿ.ಎಡ್.ಗೋ ಎಂ.ಎಸ್ಸಿ.ಗೋ ಇಲ್ಲಿ ಬೆಲೆಯಿಲ್ಲದೆ ಮನೆಯಲ್ಲಿ ಉಳಿದವರು. ಅವರು ತಿಳಿಯಬೇಕಾದದ್ದು ಟಿ.ಎಫ್.ಎಸ್.ಎ. ಎಂಬ ತೆರಿಗೆಯಿಲ್ಲದ ಖಾತೆ. 2009ರಲ್ಲಿ ಆರಂಭವಾದ ಇದಕ್ಕೆ ಸಂಬಳವಿರಬೇಕೆಂಬ ನಿಯಮವಿಲ್ಲ. ಪ್ರಾಯಕ್ಕೆ ಬಂದು ಈ ದೇಶದ ನಿವಾಸಿಯಾದ ಪ್ರತಿಯೊಬ್ಬರಿಗೂ ವರ್ಷವರ್ಷವೂ ಅವರದೇ ಮಿತಿ ಸೇರುತ್ತಾ ಹೋಗುತ್ತದೆ. 2024, 2025, 2026ರಲ್ಲಿ ಅದು ವರ್ಷಕ್ಕೆ 7,000 ಡಾಲರ್. ನಾವು ಇಲ್ಲಿಗೆ ಬಂದು ನೆಲೆಸಿದ ವರ್ಷದಿಂದ ಲೆಕ್ಕ. ಗಂಡ ಕೊಟ್ಟ ದುಡ್ಡನ್ನು ಹೆಂಡತಿ ತನ್ನ ಈ ಖಾತೆಗೆ ಹಾಕಬಹುದು, ಅದರ ಬೆಳೆ ಅವನ ತೆರಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಆ ಖಾತೆಯೊಳಗೆ ಮೇಲೆ ಹೇಳಿದ ಇ.ಟಿ.ಎಫ್. ಕೊಳ್ಳಬಹುದು. ಖಾತೆ ಅವಳ ಹೆಸರಿನಲ್ಲಿ, ಸಹಿ ಅವಳದ್ದು. ಇದೇ ದೇಶದ ಕ್ವಿಬೆಕ್ ಪ್ರಾಂತದಲ್ಲಿ 1964ರವರೆಗೆ ಮದುವೆಯಾದ ಹೆಣ್ಣಿಗೆ ಕಾನೂನಿನಲ್ಲಿ ಸ್ವತಂತ್ರ ಸ್ಥಾನವೇ ಇರಲಿಲ್ಲ. ಅಲ್ಲಿನ ಶಾಸನಸಭೆಗೆ ಆರಿಸಿ ಬಂದ ಮೊದಲ ಮಹಿಳೆ ಕ್ಲೇರ್ ಕರ್ಕ್‌ಲ್ಯಾಂಡ್ ಕಾಸ್‌ಗ್ರೇನ್ ಆ ಕಾನೂನನ್ನು ಬದಲಿಸುವ ಮಸೂದೆ ತಂದರು. ಒಬ್ಬಾಕೆ ಹೋರಾಡಿ ಕೊಡಿಸಿದ ಸಹಿಯ ಹಕ್ಕನ್ನು ನಾವು ಅವರೇ ನೋಡ್ಕೋತಾರೆ ಎಂದು ಹಿಂದಕ್ಕೆ ಕೊಟ್ಟುಬಿಡುವುದೇ?

ಒಂದೇ ನಿಧಿ ಎಂದು ನಾನು ಹಟ ಹಿಡಿಯುವುದಕ್ಕೆ ಖರ್ಚಿಗಿಂತ ದೊಡ್ಡ ಕಾರಣವಿದೆ. ನನ್ನ ಪರಿಚಯದ ಒಬ್ಬಾಕೆಯ ಗಂಡ ಹಿಮ ಗೋರುತ್ತಿದ್ದಾಗ ಎದೆನೋವು ಬಂದು ತೀರಿಕೊಂಡರು. ಬುದ್ಧಿವಂತ, ಮನೆಮಂದಿಯ ಮೇಲೆ ಜೀವ ಇಟ್ಟಿದ್ದವರು. ಮೂರು ದಲ್ಲಾಳಿ ಖಾತೆ, ಹತ್ತೊಂಬತ್ತು ಬಗೆಯ ನಿಧಿ, ಒಂದಕ್ಕೂ ಏಕೆ ಕೊಂಡರೆಂಬ ಟಿಪ್ಪಣಿಯಿಲ್ಲ. ಆಕೆ ತಿಂಗಳುಗಟ್ಟಲೆ ಆ ಹಾಳೆಗಳ ಮುಂದೆ ಅಳುತ್ತಾ ಕುಳಿತದ್ದನ್ನು ಕಂಡಿದ್ದೇನೆ. ಕೊನೆಗೆ ದಿಕ್ಕು ತೋಚದೆ ಎಲ್ಲವನ್ನೂ ಒಬ್ಬ ಸಲಹೆಗಾರನ ಕೈಗೆ ಒಪ್ಪಿಸಿದರು, ಅದೇ ನೂರಕ್ಕೆ ಎರಡಕ್ಕೆ. ಗಂಡ ಹದಿನೈದು ವರ್ಷ ಖರ್ಚು ಉಳಿಸಲು ಪಟ್ಟ ಪಾಡೆಲ್ಲ ಒಂದು ಸಹಿಯಲ್ಲಿ ಮುಗಿಯಿತು. ಮನೆಯ ಹೂಡಿಕೆ ಎಂದರೆ ಉಳಿದವರು ಓದಬಲ್ಲಂಥದ್ದಾಗಿರಬೇಕು. ಓದಲಾರದ ಜಾಣತನ ಮನೆಗೆ ಆಸ್ತಿಯಲ್ಲ, ಹೊರೆ.

ಹಾಸನದಲ್ಲೋ ಸಾಗರದಲ್ಲೋ ಕುಳಿತು ಇದನ್ನು ಓದುವ ನಿಮಗೆ ಕೆನಡಾದ ಈ ಪುರಾಣ ಏಕೆ ಎನ್ನಿಸಬಹುದು. ನಿಮ್ಮ ಮಗಳೋ ಸೊಸೆಯೋ ಇಲ್ಲಿರಬಹುದು, ದೂರವಾಣಿಯಲ್ಲಿ ಚಳಿಯ ಜೊತೆಗೆ ಈ ಮಾತನ್ನೂ ಕೇಳಿ. ಅಲ್ಲೂ 2013ರ ಜನವರಿಯಿಂದ ಪ್ರತಿ ಮ್ಯೂಚುವಲ್ ಫಂಡಿಗೂ ಮಧ್ಯವರ್ತಿಯ ಕಮಿಷನ್ ಇಲ್ಲದ ಡೈರೆಕ್ಟ್ ಬಗೆ ಇದೆ. ನಿಮ್ಮ ಮನೆಯ ಕಾಗದದಲ್ಲಿ ರೆಗ್ಯುಲರ್ ಎಂದು ಬರೆದಿದ್ದರೆ ಅದರ ಅರ್ಥವನ್ನು ಕೇಳಿ ತಿಳಿದುಕೊಳ್ಳಿ. ದೊಡ್ಡ ವಿದ್ಯೆಯೇನೂ ಬೇಡ. ವರ್ಷಕ್ಕೆ ಎಷ್ಟು ಕೀಳುತ್ತೀರಿ, ಅದನ್ನು ದುಡ್ಡಿನ ಲೆಕ್ಕದಲ್ಲಿ ಬರೆದು ಕೊಡಿ ಎಂದು ಕೇಳಿದರೆ ಸಾಕು. ಬರೆದು ಕೊಡದವರ ಹತ್ತಿರ ನಾವು ಬದನೆಕಾಯನ್ನೂ ಕೊಳ್ಳುವವರಲ್ಲ.