ಮದುವೆಯ ಸೀರೆ ಯಾವ ಮಗ್ಗದ್ದು?

ತಪಸ್ಸುಕಾಲ ಮುಗಿದು ಪಾಸ್ಕ ಹಬ್ಬ ಕಳೆದೊಡನೆ ನಮ್ಮ ಧರ್ಮಕೇಂದ್ರಗಳಲ್ಲಿ ವಿವಾಹ ಪ್ರಕಟಣೆಗಳು ಕೇಳಿಬರುತ್ತವೆ, ಮನೆಗಳಲ್ಲಿ ಸೀರೆಯ ಮಾತು ಆರಂಭವಾಗುತ್ತದೆ. ನೆಲಮಂಗಲದವರಾಗಲಿ, ಹೊಸಕೋಟೆಯವರಾಗಲಿ, ಅಂಗಡಿಯವರು ‘ಕೈಮಗ್ಗದ್ದು’ ಎಂದೊಡನೆ ನಂಬಿ ಹಣ ಎಣಿಸುತ್ತೇವೆ. ನೇಕಾರರ ಊರಾದ ದೊಡ್ಡಬಳ್ಳಾಪುರವನ್ನು ಪಕ್ಕದಲ್ಲಿಟ್ಟುಕೊಂಡೂ ನಮಗೆ ಈ ಅಜ್ಞಾನ ತಕ್ಕುದಲ್ಲ.

ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಕೇಳಿಸುವುದು ಬಹುಮಟ್ಟಿಗೆ ವಿದ್ಯುತ್ ಮಗ್ಗಗಳ ಸದ್ದು. ಅದನ್ನು ಹೀನೈಸುವುದು ನನ್ನ ಉದ್ದೇಶವಲ್ಲ. ರೇಷ್ಮೆಯ ಬೆಲೆ ಏರಿದಾಗ, ವಿದ್ಯುತ್ ಕೈಕೊಟ್ಟಾಗ ಕೂಲಿ ಕಳೆದುಕೊಳ್ಳುವವರು ಅಲ್ಲಿಯೂ ಬಡವರೇ. ಆದರೆ ಯಂತ್ರದ ಸೀರೆಗೆ ಕೈಮಗ್ಗದ ಹೆಸರು ಅಂಟಿಸಿ ಮಾರಿದಾಗ ಮತ್ತೊಬ್ಬ ಬಡವನ ಅನ್ನಕ್ಕೆ ಕಲ್ಲು ಬೀಳುತ್ತದೆ.

ಇಳಕಲ್ ಸೀರೆಯನ್ನೇ ನೋಡಿ. ಅದರ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಮಗ್ಗದಲ್ಲಿಯೇ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಬೇಕು. ಒಂದೊಂದು ಸೀರೆಗೂ ಹಾಸನ್ನು ಹೊಸದಾಗಿ ಸಿದ್ಧಪಡಿಸಬೇಕು. ಸೆರಗಿನ ಚಿತ್ತಾರವನ್ನಷ್ಟೇ ನಕಲಿಸುವ ಯಂತ್ರಕ್ಕೆ ಈ ಶ್ರಮವಿಲ್ಲ, ಆದುದರಿಂದ ಅದರ ಸೀರೆ ಅಗ್ಗ.

ಕಾನೂನು ಇಲ್ಲದೆ ಇಲ್ಲ. 1985ರ ಕಾಯಿದೆಯು 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆಂದು ಮೀಸಲಿರಿಸಿತ್ತು. ಅನಂತರ ಆ ಪಟ್ಟಿ 11ಕ್ಕೆ ಇಳಿಯಿತು. ಮೀಸಲಾತಿ ಕಾಗದದ ಮೇಲೆಯೇ ಉಳಿದಿದೆ ಎಂಬುದನ್ನು ಯಾವ ಸಂತೆಯಲ್ಲಾದರೂ ನೋಡಬಹುದು. ಕೊಳ್ಳುವವರಾದ ನಾವೂ ಎಡವುತ್ತೇವೆ. 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಚೀಟಿಯು ರೇಷ್ಮೆ ಶುದ್ಧವೆಂದು ಹೇಳುತ್ತದೆಯೇ ಹೊರತು ಕೈಯಿಂದ ನೇಯ್ದದ್ದೆಂದು ಹೇಳುವುದಿಲ್ಲ. ಅದನ್ನು ಹೇಳುವುದು 2006ರ ಹ್ಯಾಂಡ್‌ಲೂಮ್ ಮಾರ್ಕ್. ಮೊದಲನೆಯದನ್ನು ಕಂಡು ಎರಡನೆಯದರ ಬೆಲೆ ಕೊಟ್ಟು ಬರುವವರು ನಮ್ಮಲ್ಲಿ ಎಷ್ಟೋ ಮಂದಿ!

ಇದು ನಮ್ಮೊಬ್ಬರ ಸಂಕಟವಲ್ಲ. ದೂರದ ಗ್ವಾಟೆಮಾಲಾದಲ್ಲಿ ಮಾಯಾ ಜನಾಂಗದ ಮಹಿಳೆಯರು ಮಗ್ಗದ ಪಟ್ಟಿಯನ್ನು ನಡುವಿಗೆ ಬಿಗಿದುಕೊಂಡು ಕುಳಿತು ತಮ್ಮ ರವಿಕೆಯ ಬಟ್ಟೆ ನೇಯುತ್ತಾರೆ. ಯಂತ್ರದ ನಕಲುಗಳಿಂದ ನೊಂದು, ತಮ್ಮ ವಿನ್ಯಾಸಗಳು ಇಡೀ ಸಮುದಾಯದ ಸ್ವತ್ತೆಂದು ಅವರು 2016ರಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿದರು. ನಮ್ಮ ನೇಕಾರರ ಪರವಾಗಿ ನಾವು ಅಂಗಡಿಯಲ್ಲಿ ಒಂದು ಪ್ರಶ್ನೆಯನ್ನಾದರೂ ಕೇಳಬಾರದೆ?

ಬಡತನದ ಮನೆಯವರು ಯಂತ್ರದ ಸೀರೆ ಕೊಂಡರೆ ತಪ್ಪೇನಿಲ್ಲ, ಯಂತ್ರದ ಬೆಲೆಗೇ ಕೊಳ್ಳಲಿ. ಅನುಕೂಲವುಳ್ಳವರು ವಧುವಿಗೊಂದು ನಿಜವಾದ ಕೈಮಗ್ಗದ ಸೀರೆ ಉಡಿಸಲಿ. ಬಲಿಪೀಠದ ವಸ್ತ್ರ ಹಳತಾಗಿರುವ ಧರ್ಮಕೇಂದ್ರಗಳು ಹೊಸದನ್ನು ಕೈಮಗ್ಗ ನೇಕಾರರ ಸಹಕಾರ ಸಂಘವೊಂದರಲ್ಲಿ ನೇಯಿಸಲಿ, ಅರ್ಧ ಹಣವನ್ನು ಮುಂಗಡವಾಗಿಯೇ ಕೊಡಲಿ. ನೂಲು ಕೊಳ್ಳಲು ಅವರು ಸಾಲ ಮಾಡುವುದು ತಪ್ಪುತ್ತದೆ.