ಅಜ್ಜನ ಚೀಲ ಗುಜರಿಗೆ ಹೋಗುವ ಮೊದಲು

ಮೆಷರ್‌ಮೆಂಟ್ಸ್ ಪರೀಕ್ಷೆಯಲ್ಲಿ ನನಗೆ ಮರ್ರೆ ಲೂಪ್ ಟೆಸ್ಟ್ ಬಂದಿತ್ತು. ಚಿತ್ರ ಬರೆದೆ, ಸೂತ್ರ ಬರೆದೆ, ಪೂರ್ತಿ ಅಂಕ ಬಿತ್ತು. ಅದು ಯಾತಕ್ಕೆ ಅಂತ ಗೊತ್ತಾದದ್ದು ಮಾತ್ರ ಖಾನಾಪುರದ ನಮ್ಮ ಓಣಿಯ ಅಜ್ಜನ ಅಟ್ಟದ ಮೇಲೆ.

ಅಜ್ಜ ಟೆಲಿಫೋನ್ ಲೈನ್‌ಮನ್ ಆಗಿದ್ದವರು. ಸೇರಿದಾಗ ಅಂಚೆ ಮತ್ತು ತಂತಿ ಇಲಾಖೆ, ನಿವೃತ್ತಿಯ ಹೊತ್ತಿಗೆ ಬಿಎಸ್‌ಎನ್‌ಎಲ್. ಅಮೆರಿಕದಲ್ಲಿ 1950ರ ಹೊತ್ತಿಗೆ ಬೆಲ್ ಕಂಪನಿಯ ಹಸಿರು ಟ್ರಕ್ಕುಗಳಿದ್ದವು. ಏಣಿ, ತಂತಿ ಸುರುಳಿ, ಉಪಕರಣಕ್ಕೆ ಬೇರೆ ಬೇರೆ ಖಾನೆ. ನಮ್ಮ ಅಜ್ಜನ ಟ್ರಕ್ಕು ಅಂದರೆ ಸೈಕಲ್ಲು ಮತ್ತು ಒಂದು ಕ್ಯಾನ್ವಾಸ್ ಚೀಲ. ಅದರಲ್ಲಿ ಪಕ್ಕಡ, ಚಾಕು, ಸೊಂಟದ ಬೆಲ್ಟು, ಕಟ್ಟುವ ತಂತಿ, ಎರಡು ಪಿಂಗಾಣಿ ಇನ್ಸುಲೇಟರ್, ಜೋತುಬಿದ್ದ ತಂತಿಯನ್ನು ಎಳೆದು ಬಿಗಿ ಮಾಡುವ ರ್‍ಯಾಚೆಟ್. ಜೊತೆಗೆ ಹಿಡಿಕೆ ತಿರುಗಿಸಿದರೆ ಗಂಟೆ ಹೊಡೆಯುವ ಟೆಸ್ಟ್ ಫೋನು. ಕಂಬ ಹತ್ತಿ, ಎರಡು ತಂತಿಗೆ ಕ್ಲಿಪ್ ಹಾಕಿ, ಹಿಡಿಕೆ ತಿರುವಿ ಎಕ್ಸ್‌ಚೇಂಜಿಗೆ ಮಾತಾಡೋದು.

“ಬೆಳಗಾವಿ ಆಫೀಸಿನ್ಯಾಗ ಕುಂತಾವ ಇಷ್ಟು ದೂರದಾಗ ಅರ್ಥ್ ಆಗೇತಿ ಅಂತ ಹೇಳ್ತಿದ್ದ. ನಾವು ಕಂಬ ಎಣಿಸಿಕೋತ ಹೋಗೋದು, ತಮ್ಮಾ,” ಅಂದರು ಅಜ್ಜ. ನನಗೆ ತಟ್ಟನೆ ಹೊಳೆಯಿತು: ಅದೇ ಮರ್ರೆ ಲೂಪ್! ಬೆಳಗಾವಿಯಿಂದ ಖಾನಾಪುರಕ್ಕೆ ಅಂದಾಜು 26 ಕಿ.ಮೀ. ಖಾನಾಪುರದಲ್ಲಿ ಕೆಟ್ಟ ತಂತಿಯ ತುದಿಯನ್ನು ಒಳ್ಳೆಯ ತಂತಿಗೆ ಜೋಡಿಸಿದರೆ 52 ಕಿ.ಮೀ. ಲೂಪ್. ಬೆಳಗಾವಿಯಲ್ಲಿ ಬ್ರಿಡ್ಜ್ ಬ್ಯಾಲೆನ್ಸ್ ಆದಾಗ ಕೆಟ್ಟ ತಂತಿಯ ಕಡೆಗೆ ಒಂದು ಪಾಲು, ಒಳ್ಳೆಯ ತಂತಿಯ ಕಡೆಗೆ ಮೂರು ಪಾಲು ರೋಧ ಇದ್ದರೆ ದೋಷ 13 ಕಿ.ಮೀ. ದೂರದಲ್ಲಿ. ಅಂದರೆ ದೇಸೂರಿನ ಆಸುಪಾಸು. ಅಲ್ಲಿ ಹೋಗಿ ನೋಡಿದರೆ ಒಡೆದ ಇನ್ಸುಲೇಟರ್ ಇರಬಹುದು, ತಂತಿಗೆ ತಾಗಿದ ಹಸಿ ಕೊಂಬೆ ಇರಬಹುದು. ನಮ್ಮ ಟೆಕ್ಸ್ಟ್‌ಬುಕ್‌ನಲ್ಲಿ ಕೊಂಬೆ ಇಲ್ಲ.

ನನಗೆ ಇನ್ನೂ ಹಿಡಿಸಿದ್ದು ಊರೊಳಗಿನ ಕೇಬಲ್ಲಿನ ಸಾಮಾನು. ಆಗಿನ ಕೇಬಲ್‌ನಲ್ಲಿ ತಾಮ್ರದ ಎಳೆಗಳಿಗೆ ಕಾಗದವೇ ಇನ್ಸುಲೇಶನ್, ಮೇಲೆ ಸೀಸದ ಕವಚ. ಒಳಗೆ ಸ್ವಲ್ಪ ಪಸೆ ಹೋದರೂ ಲೈನೆಲ್ಲಾ ಗೊರಗೊರ. ಖಾನಾಪುರದ ಮಳೆ ನಿಮಗೆ ಗೊತ್ತೇ ಇದೆ. ಹಾಗಾಗಿ ಬ್ಲೋ ಲ್ಯಾಂಪ್ ಹಚ್ಚಿ, ಮೇಣ ಕಾಯಿಸಿ, ಕೇಬಲ್ಲಿನ ಕಾಗದದ ಒಂದು ಚೂರನ್ನು ಅದರಲ್ಲಿ ಅದ್ದಬೇಕು. ನೊರೆ ಬಂತೆಂದರೆ ಒಳಗೆ ಪಸೆ ಇದೆ ಅಂತ ಅರ್ಥ. ಆ ತುಂಡು ಕತ್ತರಿಸಿ ಹಿಂದಕ್ಕೆ ಸರಿಯಬೇಕು. ಮೀಟರ್ ಇಲ್ಲ, ಬ್ಯಾಟರಿ ಇಲ್ಲ, ಉತ್ತರ ಮಾತ್ರ ಖಚಿತ. ಆಮೇಲೆ ಒಂದೊಂದೇ ಜೋಡಿ ತಿರುವಿ, ಕಾಗದದ ನಳಿಕೆ ಸರಿಸಿ, ಸೀಸದ ತೋಳು ಹಾಕಿ, ಕರಗಿದ ಬೆಸುಗೆಯನ್ನು ದಪ್ಪ ಬಟ್ಟೆಯಿಂದ ಸವರಿ ಮುಚ್ಚೋದು. (ಸೀಸದ ಹೊಗೆ ಕುಡಿದುಕೊಂಡೇ ಮಾಡಿದ ಕೆಲಸ ಅದು. ಆ ಕಾಲ ಬಹಳ ಚಲೋ ಇತ್ತು ಅಂತ ನಾನೇನೂ ಹೇಳ್ತಿಲ್ಲ.)

ಈಗ ನನ್ನ ತಕರಾರು. ಹೋದ ಮಳೆಗಾಲ ಮರ ಬಿದ್ದು ಫೈಬರ್ ಹರಿದು, ನಮ್ಮ ಓಣಿಗೆ ಆರು ದಿನ ನೆಟ್ ಇರಲಿಲ್ಲ. ನನ್ನ ಇಂಟರ್ನ್‌ಶಿಪ್‌ನ ಆನ್‌ಲೈನ್ ಟೆಸ್ಟ್ ತಪ್ಪಿತು. ಅದಕ್ಕಿಂತ ಬೇಜಾರಾದದ್ದು ಬೇರೆ. “ಇಂಜಿನಿಯರಿಂಗ್ ಓದಾಕತ್ತೀಯಲ್ಲ, ಏನಾಗೇತಿ ನೋಡೋ” ಅಂದರು ಓಣಿಯವರು. ನಾನು ರೂಟರ್ ಆಫ್ ಮಾಡಿ ಆನ್ ಮಾಡಿದೆ. ಅಷ್ಟೇ ನನಗೆ ಬಂದದ್ದು.

ನಮ್ಮ ಲ್ಯಾಬಿನಲ್ಲಿ ಎಲ್ಲ ಸರ್ಕಿಟ್ಟೂ ಸರಿಯಾಗಿಯೇ ಇರುತ್ತವೆ. ಕೆಟ್ಟರೆ ಅಟೆಂಡರ್ ಬಂದು ಕಿಟ್ ಬದಲಿಸುತ್ತಾರೆ. ಕೆಟ್ಟದ್ದನ್ನು ಹುಡುಕುವುದಕ್ಕೆ ನಾಲ್ಕು ವರ್ಷದಲ್ಲಿ ಒಂದು ಪಿರಿಯಡ್ಡೂ ಇಲ್ಲ. “ಈಗ ಯಾರು ರಿಪೇರಿ ಮಾಡ್ತಾರೋ, ಬದಲಿ ಹಾಕೋದಷ್ಟೇ” ಅಂತ ಗೆಳೆಯರು ನಗುತ್ತಾರೆ. ಬದಲಿ ಹಾಕೋಕೂ ಎಲ್ಲಿ ಹರಿದಿದೆ ಅಂತ ಗೊತ್ತಾಗಬೇಕಲ್ಲ? ಫೈಬರ್‌ಗೆ ಓಟಿಡಿಆರ್ ಇದೆ. ಬೆಳಕಿನ ಪಲ್ಸ್ ಕಳಿಸಿ, ಅದು ತಿರುಗಿ ಬರುವ ಹೊತ್ತು ಅಳೆಯುತ್ತದೆ. ಖಾನಾಪುರದವರೆಗೆ ಹೋಗಿ ಬರಲು ಸುಮಾರು 260 ಮೈಕ್ರೋಸೆಕೆಂಡ್. ಪ್ರಶ್ನೆ ಮಾತ್ರ ಅಜ್ಜನದ್ದೇ: ಎಷ್ಟು ದೂರ?

ಹಾಗಾಗಿ ವಿಭಾಗದವರಲ್ಲಿ ನನ್ನದೊಂದು ಬೇಡಿಕೆ. ಸೆಮಿಸ್ಟರ್‌ಗೆ ಒಂದೇ ಒಂದು ಲ್ಯಾಬ್ ಬಿಟ್ಟುಕೊಡಿ. ಕ್ಯಾಂಪಸ್ಸಿನಲ್ಲಿ ಇನ್ನೂರು ಮೀಟರ್ ತಂತಿ ಎಳೆಯೋಣ. ಯಾರಾದರೂ ಕದ್ದು ಒಂದು ಕಡೆ ಅರ್ಥ್ ಮಾಡಿಡಲಿ, ನಾವು ಬ್ರಿಡ್ಜ್ ಹಿಡಿದು ಹುಡುಕುತ್ತೇವೆ. ಸಿಗದಿದ್ದರೆ ಅಂಕ ಕಳೆಯಿರಿ.

ಅಜ್ಜನ ಬ್ಲೋ ಲ್ಯಾಂಪ್ ಹೋದ ದೀಪಾವಳಿಗೆ ಹಿತ್ತಾಳೆ ರೇಟಿಗೆ ತೂಕಕ್ಕೆ ಹೋಯಿತು. ಚೀಲ, ಟೆಸ್ಟ್ ಫೋನು, ರ್‍ಯಾಚೆಟ್ ಇನ್ನೂ ಅಟ್ಟದ ಮೇಲಿವೆ. ಈ ದೀಪಾವಳಿಗೆ ಮನೆಯವರು ಮತ್ತೆ ಅಟ್ಟ ಸ್ವಚ್ಛ ಮಾಡುತ್ತಾರಂತೆ. ಕೇಳಿದೆ, “ಕಾಲೇಜಿಗೆ ಕೊಡ್ತೀರೇನ್ರಿ ಅಜ್ಜಾರ?” ಅಂತ. “ಕೊಡ್ತೀನಿ, ಆದ್ರ ಕಪಾಟಿನ್ಯಾಗ ಇಟ್ಟು ಕೀಲಿ ಹಾಕಬ್ಯಾಡ್ರಿ” ಅಂದರು. ಒಂದು ಶನಿವಾರ ತಾವೇ ಬರಲೂ ತಯಾರಿದ್ದಾರೆ. ಖಾನಾಪುರದಿಂದ ಕರೆತರುವ ಜವಾಬ್ದಾರಿ ನನ್ನದು.